ಬಂಡಿ ಜಾಡಿನಲ್ಲಿ ಭಾನುವಾರದ ಸೈಕಲ್ಲು

ಭಾನುವಾರ ಬೆಳಿಗ್ಗೆ ಐದೂಮುಕ್ಕಾಲು. ಮಾಕಳಿಯ ಸರ್ವಿಸ್ ರಸ್ತೆಯ ಟೀ ಅಂಗಡಿಯ ಗೋಡೆಗೆ ಏಳು ಸೈಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ. ಸ್ಟ್ಯಾಂಡ್ ಇಲ್ಲದ ಮೇಲೆ ಒರಗಲೇಬೇಕು. ಮೇಲಿನ ಹೆದ್ದಾರಿಯಲ್ಲಿ ಪುಣೆ ಕಡೆಯ ಲಾರಿಗಳ ಸಾಲು. ಮೂರನೇ ಶಿಫ್ಟ್ ಮುಗಿಸಿ ಬಂದ ಒಬ್ಬರು ಬನ್ನು ಅದ್ದಿಕೊಂಡು ನಮ್ಮ ಗಾಡಿಗಳನ್ನು ನೋಡುತ್ತಿದ್ದರು. ನೋಡಿ ನೋಡಿ ಕೇಳಿಯೇಬಿಟ್ಟರು.

‘ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಬೆಲ್ಲೂ ಇಲ್ಲ. ಎಷ್ಟಾಯ್ತು ಸಾರ್ ಇದು?’

ಈ ಪ್ರಶ್ನೆಗೆ ನಮ್ಮ ಗುಂಪಿನಲ್ಲಿ ಯಾರೂ ನಿಜ ಹೇಳುವುದಿಲ್ಲ. ಅರ್ಧಕ್ಕಿಂತ ಕಡಿಮೆ ಹೇಳುವುದು ವಾಡಿಕೆ. ಆ ಅರ್ಧವನ್ನು ಕೇಳಿಯೇ ಅವರ ಬನ್ನು ಟೀಯೊಳಗೆ ಬಿತ್ತು. ‘ಆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್ ಬರ್ತಿತ್ತಲ್ಲ ಸಾರ್!’

ಬರುತ್ತಿತ್ತು, ನಿಜ. ಹಾಗಿದ್ದೂ ಪೀಣ್ಯದಲ್ಲಿ ಟೂಲ್‌ರೂಮ್ ನಡೆಸುವವನು, ಬ್ಯಾಂಕಿನವನು, ಇಬ್ಬರು ಸಾಫ್ಟ್‌ವೇರ್‌ನವರು, ಒಬ್ಬ ಹೈಸ್ಕೂಲು ಮೇಷ್ಟ್ರು, ಪಿಯುಸಿಯ ಒಬ್ಬ ಹುಡುಗ ಮತ್ತು ನಾನು ವಾರದ ಒಂದೇ ರಜೆಯ ನಿದ್ದೆ ಬಿಟ್ಟು ಮಣ್ಣು ದಾರಿಯಲ್ಲಿ ಬಿದ್ದೆದ್ದು ಬರಲು ಹೊರಟಿದ್ದೇವೆ. ಮಾದಾವರದವರೆಗೆ 2024ರ ನವೆಂಬರಿನಲ್ಲಿ ಮೆಟ್ರೊ ಬಂತು. ಆದರೆ ಭಾನುವಾರ ಅದು ಹೊರಡುವುದೇ ಏಳಕ್ಕೆ. ಅಷ್ಟು ಹೊತ್ತಿಗೆ ನಾವು ಹೆಸರಘಟ್ಟದ ದಿಕ್ಕಿನಲ್ಲಿ ಎಲ್ಲೋ ಪಂಕ್ಚರ್ ಹಾಕುತ್ತ ಕುಳಿತಿರುತ್ತೇವೆ.

ಈ ಹುಚ್ಚಿನ ಮೂಲ ಅಮೆರಿಕದಲ್ಲಿದೆ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಪಡ್ಡೆ ಹುಡುಗರು 1930ರ ದಶಕದ ಹಳೇ ಷ್ವಿನ್ ಸೈಕಲ್ಲುಗಳನ್ನು ಗುಜರಿಯಿಂದ ಹೊರಗೆಳೆದು, ಕಾಡ್ಗಿಚ್ಚು ಆರಿಸಲು ಮಾಡಿದ ಮಣ್ಣು ರಸ್ತೆಯಲ್ಲಿ ಗುಡ್ಡದಿಂದ ಕೆಳಕ್ಕೆ ಬಿಟ್ಟರು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಅದು ರೇಸಾಯಿತು. ಸುಮಾರು ಎರಡು ಮೈಲಿ ದಾರಿ, 1,300 ಅಡಿ ಇಳಿತ. ಆ ಸೈಕಲ್ಲುಗಳಿಗೆ ಬ್ರೇಕು ಹಿಂದಿನ ಹಬ್ಬಿನ ಒಳಗಿತ್ತು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುತ್ತಿತ್ತು. ಒಂದು ಸಲ ಇಳಿಯುವುದರೊಳಗೆ ಹಬ್ಬು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತಾದ್ದರಿಂದ, ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕಿತ್ತು. ಆ ದಾರಿಗೆ ‘ರೀಪ್ಯಾಕ್’ ಎಂದು ಹೆಸರು ಬಿದ್ದದ್ದು ಹಾಗೆ. 1977ರಲ್ಲಿ ಜೋ ಬ್ರೀಝ್ ಇದಕ್ಕೆಂದೇ ಹೊಸ ಫ್ರೇಮ್ ಬೆಸೆದ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲಿ ಮಾರಾಟಕ್ಕಿಳಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಕಾರ್ಖಾನೆಯ ಸರಕಾಗಿ ಬಂತು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಗುಜರಿ ಆಟಕ್ಕೆ ಪದಕ ಕೊಡುತ್ತಿದ್ದರು.

ಅದೇ 1970ರ ದಶಕದ ಕೊನೆಗೆ ಇಲ್ಲಿ ಪೀಣ್ಯ ತಲೆಯೆತ್ತುತ್ತಿತ್ತು. ದಾಸನಪುರ, ಮಾಕಳಿ, ಮಾದಾವರ ಸುತ್ತಿನ ಹಳ್ಳಿಗಳಿಂದ ಟಿಫನ್ ಕ್ಯಾರಿಯರ್ ನೇತುಹಾಕಿಕೊಂಡು ಶಿಫ್ಟಿಗೆ ಸೈಕಲ್ ತುಳಿದವರು ಯಾವ ದಾರಿಯಲ್ಲಿ ಹೋಗುತ್ತಿದ್ದರು? ಹೊಲದ ಬದು, ಕೆರೆ ಏರಿ, ಬಂಡಿದಾರಿ. ಅವರ ಗಾಡಿಗೆ ಗೇರಿಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ, ಹಿಂದೆ ಒಮ್ಮೊಮ್ಮೆ ಮೂಟೆ ಬೇರೆ. ಅದನ್ನು ಯಾರೂ ಮೌಂಟೇನ್ ಬೈಕಿಂಗ್ ಅನ್ನಲಿಲ್ಲ, ಕೆಲಸಕ್ಕೆ ಹೋಗುವುದು ಅಂದರು. ಮರಿನ್ ಹುಡುಗರ ಬಗ್ಗೆ ಗೌರವವಿದೆ, ಆದರೂ ಮಣ್ಣು ದಾರಿಯಲ್ಲಿ ಸೈಕಲ್ ತುಳಿಯುವುದನ್ನು ಅವರು ಕಂಡುಹಿಡಿದರು ಎಂಬ ಮಾತು ಮಾಕಳಿಯಲ್ಲಿ ನಿಂತು ಕೇಳಿದರೆ ನಗು ಬರುತ್ತದೆ. ಅವರು ಕಂಡುಹಿಡಿದದ್ದು ಅದನ್ನು ರಜೆಯ ದಿನ ಮಾಡುವುದನ್ನು.

ಮೌಂಟೇನ್ ಬೈಕ್ ಅನ್ನುವುದರ ಚುಟುಕಾದ ‘ಎಂಟಿಬಿ’ ಎಂಬ ಮೂರಕ್ಷರ ನಮ್ಮೂರಿಗೆ ಬಂದದ್ದೂ ಗುಡ್ಡದ ಸಹವಾಸವಿಲ್ಲದೆ. ಹರ್ಕ್ಯುಲಿಸ್ ಎಂಟಿಬಿ, ಹೀರೋ ರೇಂಜರ್ ಎಂದರೆ ನನ್ನ ತಲೆಮಾರಿನವರಿಗೆ ನೇರ ಹ್ಯಾಂಡಲ್ಲು, ದಪ್ಪ ಗುಂಡಿಯ ಟೈರು, ಬಾರಿನ ಮೇಲೆ ಸ್ಪಂಜು. ಎಸ್ಎಸ್ಎಲ್‌ಸಿಯಲ್ಲಿ ಫಸ್ಟ್ ಕ್ಲಾಸ್ ಬಂದರೆ ಕೊಡಿಸುತ್ತೇನೆ ಎಂದು ಅಪ್ಪಂದಿರು ಆಸೆ ಹುಟ್ಟಿಸುತ್ತಿದ್ದ ವಸ್ತು. ಎಂಟಿಬಿ ಅಂದರೆ ಏನೆಂದು ಕೇಳಿದರೆ ಕಂಪನಿ ಹೆಸರು ಅನ್ನುತ್ತಿದ್ದೆವು.

ಗುಡ್ಡಕ್ಕೂ ಸೈಕಲ್ಲಿಗೂ ಗಂಟು ಬಿದ್ದದ್ದು 2005ರಿಂದೀಚೆಗೆ. ಆ ವರ್ಷ ಹಿಮಾಚಲದಲ್ಲಿ ಹಲವು ದಿನಗಳ ಎಂಟಿಬಿ ರೇಸ್ ಶುರುವಾಯಿತು, ಅದೇ ವರ್ಷ ಫೈರ್‌ಫಾಕ್ಸ್ ಕಂಪನಿ ಗೇರಿನ ಸೈಕಲ್ಲುಗಳನ್ನು ತಂದಿತು. 2008ರಲ್ಲಿ ಬೆಂಗಳೂರಿನ ಗೆಳೆಯರ ಬಳಗವೊಂದು ‘ಟೂರ್ ಆಫ್ ನೀಲಗಿರೀಸ್’ ಹೊರಡಿಸಿತು. ಅದು ಡಾಂಬರು ರಸ್ತೆಯ ಪ್ರವಾಸವಾದರೂ ನೂರಾರು ಜನರಿಗೆ ‘ಇದು ನಮ್ಮಿಂದಲೂ ಆಗುತ್ತದೆ’ ಅನ್ನಿಸಿದ್ದು ಅಲ್ಲಿ. 2009ರಲ್ಲಿ ಸರ್ಜಾಪುರ ರಸ್ತೆಯಲ್ಲಿ ಡೆಕಥ್ಲಾನ್ ಬಂತು, ಮುಂದೆ ಅದರ ರಾಕ್‌ರೈಡರ್ ಸೈಕಲ್ಲು ಎಷ್ಟೋ ಮಂದಿಯ ಮೊದಲ ಎಂಟಿಬಿ ಆಯಿತು. ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್ ಎಂಬ ಹೆಸರಿನಲ್ಲಿ ಸವಾರರೇ ಸ್ವಯಂಸೇವಕರಾಗಿ ರೇಸು ನಡೆಸತೊಡಗಿದರು. ಒಂದು ತಿಂಗಳು ಡಾಂಬರು, ಇನ್ನೊಂದು ತಿಂಗಳು ಮಣ್ಣು. ದಕ್ಷಿಣದವರಿಗೆ ತುರಹಳ್ಳಿ ಕಾಡು, ಉತ್ತರದವರಿಗೆ ಯಲಹಂಕದಾಚೆಯ ಅವಲಹಳ್ಳಿ.

ನಮ್ಮ ವಾಯವ್ಯ ಮೂಲೆಗೆ ಹೆಸರಾಂತ ಕಾಡಿಲ್ಲ. ನಮಗಿದ್ದದ್ದು ನೀಲಗಿರಿ ತೋಪು. ಅದರ ಕಥೆ ಸ್ವಲ್ಪ ನಿಂತು ಹೇಳಬೇಕಾದ್ದು.

1983ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಶುರುವಾಯಿತು. ಬೆಂಗಳೂರು, ಕೋಲಾರ, ತುಮಕೂರು ಸುತ್ತ ರಾಗಿ ಬೆಳೆಯುತ್ತಿದ್ದ ಹೊಲಗಳಿಗೆ ನೀಲಗಿರಿ ಬಂತು. ಆಳಿನ ಖರ್ಚಿಲ್ಲ, ದನ ಬಾಯಿ ಹಾಕುವುದಿಲ್ಲ, ಏಳೆಂಟು ವರ್ಷಕ್ಕೊಮ್ಮೆ ಕಡಿದರೆ ಕೈಗೆ ದುಡ್ಡು. ಎಲ್ಲರೂ ಒಪ್ಪಿದರು ಅಂತಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತೆಸೆದು ಹುಣಸೆ, ಮಾವಿನ ಬೀಜ ಊರಿ ಬಂದಿದ್ದರು. ಕೊನೆಗೆ 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಂತರ್ಜಲಕ್ಕೆ ಆದ ನಷ್ಟದ ಲೆಕ್ಕ ಬೇರೆ. ಸೈಕಲ್ಲಿನವನ ಕಣ್ಣಿಗೆ ಮಾತ್ರ ಅದು ಬೇರೆ ಥರ ಕಂಡಿತು: ಸಾಲು ಸಾಲು ಮರ, ಅಡಿಯಲ್ಲಿ ಪೊದೆಯಿಲ್ಲ, ಮುಳ್ಳಿಲ್ಲ, ಸೌದೆ ಗಾಡಿ ಹೋಗಿ ಗಟ್ಟಿಯಾದ ಕೆಮ್ಮಣ್ಣಿನ ಜಾಡು, ಮೇಲೆ ನೆರಳು. ನೆಲವನ್ನು ಬರಿದು ಮಾಡಿದ ಮರವೇ ನಮಗೆ ಆಟದ ಬಯಲು ಮಾಡಿಕೊಟ್ಟಿತ್ತು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇ.

ಆ ತೋಪಿನಲ್ಲಿ ಬೀಳುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತು. ಒಣಗಿದ ನೀಲಗಿರಿ ಎಲೆ ಎಣ್ಣೆ ಸವರಿದ ಕಾಗದದಂತೆ. ತಿರುವಿನಲ್ಲಿ ಮುಂದಿನ ಬ್ರೇಕು ಹಿಡಿದಿರೋ, ಚಕ್ರ ಪಕ್ಕಕ್ಕೆ ಜಾರಿತು. ನನ್ನ ಮೊದಲ ರೇಸಿನಲ್ಲಿ ಎರಡನೇ ಸುತ್ತಿಗೇ ಮೊಣಕೈ ತರಚಿಕೊಂಡು ಎದ್ದೆ. ಎದ್ದವನನ್ನು ಹಿಂದಿನಿಂದ ಬಂದವರು ದಾಟಿದರು. ಅವರು ಮೂರನೇ ಸುತ್ತಿನಲ್ಲಿದ್ದರು. ದೊಡ್ಡ ಮಟ್ಟದ ಕ್ರಾಸ್‌ಕಂಟ್ರಿ ರೇಸೆಂದರೆ ನಾಲ್ಕರಿಂದ ಆರು ಕಿಲೊಮೀಟರಿನ ಸುತ್ತನ್ನು ಮತ್ತೆ ಮತ್ತೆ ಹಾಕಿ, ಒಟ್ಟು 80ರಿಂದ 100 ನಿಮಿಷ ಉಸಿರು ಬಿಡದೆ ತುಳಿಯುವುದು. ಬಹಳ ಹಿಂದೆ ಬಿದ್ದವನನ್ನು ನಡುವೆಯೇ ಹೊರಗೆ ಕರೆಯುತ್ತಾರೆ. ನಮ್ಮ ಹವ್ಯಾಸಿ ರೇಸಿನಲ್ಲೂ ನನ್ನನ್ನು ಕರೆದರು. ಟೂಲ್‌ರೂಮಿನ ಗೆಳೆಯ ಬಾಳೆಹಣ್ಣು ಕೊಟ್ಟು, ‘ನಿನ್ನ ಟೈರಲ್ಲಿ ಗಾಳಿ ಎಷ್ಟಿದೆ?’ ಅಂದ. ಅರವತ್ತು ಅಂದೆ. ಅವನು ಏನೂ ಹೇಳದೆ ವಾಲ್ವು ಒತ್ತಿ ‘ಸುಸ್’ ಅಂತ ಅರ್ಧ ಗಾಳಿ ಬಿಟ್ಟ. ಮಣ್ಣಿನಲ್ಲಿ ಟೈರು ಮೆತ್ತಗಿದ್ದು ನೆಲವನ್ನು ಅಪ್ಪಿಕೊಳ್ಳಬೇಕು, ಇಪ್ಪತ್ತೈದು ಮೂವತ್ತು ಸಾಕು. ಗಟ್ಟಿ ಟೈರು ಒಳ್ಳೆಯದೆಂದು ಬಾಡಿಗೆ ಸೈಕಲ್ಲಿನ ಕಾಲದಿಂದ ನಂಬಿದ್ದೆ.

ರೇಸಿನ ವಿಷಯ ಬಂದಾಗ ಒಂದು ಮಾತು. ಬೆಂಗಳೂರಿನ ನಾವು ಲಕ್ಷದ ಫ್ರೇಮು, ಹನ್ನೆರಡು ಗೇರು ಎಂದು ಎಷ್ಟೇ ಹಾರಾಡಿದರೂ ಕರ್ನಾಟಕದ ಸೈಕ್ಲಿಂಗಿನ ಜೀವ ಇರುವುದು ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಕಡೆ. ಅಲ್ಲಿ ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ಇಟ್ಟು ಬಹುಮಾನ ಕೊಡುತ್ತಾರೆ. ಹೊಲದ ಮನೆಗಳ ಹುಡುಗ ಹುಡುಗಿಯರು ಚಂದರಗಿಯ ಕ್ರೀಡಾಶಾಲೆ, ವಿಜಯಪುರದ ಕ್ರೀಡಾ ಹಾಸ್ಟೆಲ್ ಸೇರಿ ರಾಷ್ಟ್ರಮಟ್ಟಕ್ಕೆ ಹೋಗುತ್ತಾರೆ. 2021ರಲ್ಲಿ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಶಿಪ್ ನಡೆದದ್ದೂ ಐಟಿ ರಾಜಧಾನಿಯಲ್ಲಲ್ಲ, ಗದಗದ ಪಕ್ಕದ ಬಿಂಕದಕಟ್ಟಿ ಗುಡ್ಡದಲ್ಲಿ. ನಮ್ಮದು ವಾರಾಂತ್ಯದ ಖುಷಿ, ಅವರದು ಓದು, ನೌಕರಿ, ಮನೆ ಎಲ್ಲವನ್ನೂ ಪಣಕ್ಕಿಟ್ಟ ಆಟ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುವುದು ತುಸು ಅನ್ಯಾಯ.

ಮತ್ತೆ ನಮ್ಮ ದಾರಿಗೆ. 2020ರ ಲಾಕ್‌ಡೌನ್ ಸಡಿಲವಾದಾಗ ಅಂಗಡಿಗಳಲ್ಲಿ ಸೈಕಲ್ಲೇ ಸಿಗುತ್ತಿರಲಿಲ್ಲ. ನಮ್ಮ ಗುಂಪು ಮೂರರಿಂದ ಏಳಾದದ್ದು ಆಗಲೇ. ಮಾಕಳಿಯಿಂದ ಬಲಕ್ಕೆ ಹೋದರೆ ಹೆಸರಘಟ್ಟದ ಹುಲ್ಲುಗಾವಲು, ಎಡಕ್ಕೆ ಇಳಿದರೆ ತಿಪ್ಪಗೊಂಡನಹಳ್ಳಿ ಕಡೆ ಹರಿಯುವ ಅರ್ಕಾವತಿಯ ಬಯಲು. ಕಾಲಿಗೆ ಕಸುವಿದ್ದ ವಾರ ದೇವರಾಯನದುರ್ಗ. ಅಲ್ಲಿಂದ ಇಳಿಯುವಾಗ ಡಿಸ್ಕ್ ಬ್ರೇಕು ಕಾದ ವಾಸನೆ ಬರುತ್ತದೆ, ರೀಪ್ಯಾಕಿನವರು ನೆನಪಾಗುತ್ತಾರೆ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎದುರಿಗೆ ಬರುತ್ತಲೇ ಮರೆತುಹೋಗುತ್ತಾರೆ.

ಸುಗ್ಗಿಯಲ್ಲಿ ಹಳ್ಳಿಯ ರಸ್ತೆಯೇ ಕಣ. ಹುರುಳಿ ಗಿಡ ಕಿತ್ತು ಡಾಂಬರಿನ ಮೇಲೆ ಹರಡಿರುತ್ತಾರೆ, ಬಂದ ಲಾರಿ ಬಸ್ಸು ಒಕ್ಕಿಕೊಟ್ಟು ಹೋಗಬೇಕು. ಒಂದು ಭಾನುವಾರ ನಾವು ಏಳೂ ಜನ ಅದರ ಮೇಲೆ ಹಾದೆವು. ಹತ್ತು ಮಾರು ಹೋಗುವುದರಲ್ಲಿ ಹುರುಳಿ ಬಳ್ಳಿ ಹಿಂದಿನ ಗೇರಿಗೆ ಜಡೆ ಹೆಣೆದಂತೆ ಸುತ್ತಿಕೊಂಡು ಚೈನು ನಿಂತಿತು. ಕಣದ ಅಜ್ಜಿ ಮೊರ ಹಿಡಿದು ಬಂದು ನೋಡಿದರು. ‘ನಿಮ್ ಸೈಕಲ್ಗೆ ಕಾಯಿ ಒಡೆಯಕ್ಕಿಲ್ಲ ಕಣ್ರಪ್ಪಾ, ಸುಮ್ನೆ ಬಳ್ಳಿ ಹಾಳು. ಆ ಕಡೆ ಬಂಡಿದಾರಿ ಐತಲ್ಲ, ಅದ್ರಾಗೆ ಹೋಗಿ’ ಅಂದರು. ಚೈನಿನಿಂದ ಬಳ್ಳಿ ಬಿಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಬಿಡಿಸಿದ ಕಾಯಿಗಳನ್ನು ಮೇಷ್ಟ್ರು ಒಂದೂ ಬಿಡದೆ ಮೊರಕ್ಕೆ ಹಾಕಿದರು.

ಅಜ್ಜಿ ತೋರಿಸಿದ ಆ ಬಂಡಿದಾರಿಯಲ್ಲಿ ಹೋದ ಮೇಲೆಯೇ ನಮಗೆ ಒಂದು ವಿಷಯ ಹೊಳೆದದ್ದು. ನಾವು ‘ಟ್ರೇಲ್’ ಎಂದು ಕರೆದು, ಜಿಪಿಎಸ್ಸಿನಲ್ಲಿ ಗೆರೆ ಎಳೆದು, ನಾವೇ ಕಂಡುಹಿಡಿದೆವು ಎಂದು ಬೀಗುತ್ತಿದ್ದ ದಾರಿಗಳೆಲ್ಲ ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಆಗಲೇ ಇದ್ದವು. ಜೋಡಿ ಚುಕ್ಕೆಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕೆಗೆರೆ ಇದ್ದರೆ ಕಾಲುದಾರಿ. ರೈತರ ಬಾಯಲ್ಲಿ ಇದಕ್ಕೆ ‘ನಕಾಶೆ ಕಂಡ ದಾರಿ’ ಎಂದು ಹೆಸರು. ಜಮೀನು ಯಾರದೇ ಇರಲಿ, ನಕಾಶೆ ಕಂಡ ದಾರಿ ಎಲ್ಲರದೂ. ಬ್ಯಾಂಕಿನವನು ಫೋನಿನಲ್ಲಿ ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದು ತೋರಿಸಿದಾಗ ನಾವು ನಿಂತಿದ್ದ ಜಾಗದ ಸರ್ವೆ ನಂಬರು, ಪಕ್ಕದ ಗೋಮಾಳ, ಖರಾಬು, ಹಳ್ಳ ಎಲ್ಲ ಪರದೆಯ ಮೇಲೆ ಬಂತು. ಅಂದಿನಿಂದ ಶನಿವಾರ ರಾತ್ರಿ ನಾವು ದಾರಿ ಆರಿಸುವುದು ಅದರಲ್ಲೇ. ಎಲ್ಲಿ ಅರಣ್ಯದ ಗಡಿ ಬರುತ್ತದೋ ಅಲ್ಲಿ ತಿರುಗುತ್ತೇವೆ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಹುಲ್ಲುಗಾವಲಿನ ಅಂಚಿನಲ್ಲೂ ಜಾಡು ಬಿಟ್ಟು ಇಳಿಯುವುದಿಲ್ಲ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿವೆ. ಹೆಸರಘಟ್ಟದ 5,678 ಎಕರೆಯನ್ನು ಸಂರಕ್ಷಿತ ಪ್ರದೇಶ ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿದ್ದು ನಮಗೆ ಸಂತೋಷದ ಸುದ್ದಿ, ನಮ್ಮ ಓಡಾಟಕ್ಕೆ ಕಡಿವಾಣ ಬಿದ್ದರೂ ಸರಿಯೇ.

ಕಡಿವಾಣ ಬೀಳುತ್ತಿರುವುದು ಬೇರೆ ಕಡೆಯಿಂದ. ಹೋದ ಚಳಿಗಾಲದಲ್ಲಿ ನೀಲಗಿರಿ ಕಡಿದ ತೋಪಿನಲ್ಲಿ ಈ ಚಳಿಗಾಲಕ್ಕೆ ಮೂವತ್ತು ನಲವತ್ತರ ಸೈಟುಗಳು. ಒಂದು ಕಡೆ ಬಂಡಿದಾರಿಗೆ ಅಡ್ಡಲಾಗಿ ಆಳೆತ್ತರದ ಕಾಂಪೌಂಡು ಎದ್ದು, ಅದರ ಬುಡದಲ್ಲಿ ಚಕ್ರದ ಗುರುತು ಇನ್ನೂ ಕಾಣುತ್ತದೆ. ಗೋಡೆಯ ಆಚೆ ಹೊಲವಿರುವ ರೈತ ಈಗ ಗೊಬ್ಬರದ ಟ್ರ್ಯಾಕ್ಟರನ್ನು ಎರಡು ಕಿಲೊಮೀಟರು ಸುತ್ತಿಸಿ ತರುತ್ತಾನೆ. ನಮಗೆ ಹೋದದ್ದು ಒಂದು ಒಳ್ಳೆಯ ಇಳಿಜಾರು, ಅವನಿಗೆ ಹೋದದ್ದು ದಾರಿ. ಪಿಯುಸಿ ಹುಡುಗ ಗ್ರಾಮ ನಕ್ಷೆಯ ಪ್ರತಿ ತೆಗೆಸಿದ, ಮೇಷ್ಟ್ರು ಅರ್ಜಿ ಬರೆದರು, ರೈತ ಹೆಬ್ಬೆಟ್ಟು ಬೇಡ ಎಂದು ತಾನೇ ಸಹಿ ಹಾಕಿದ. ಅರ್ಜಿ ಈಗ ತಾಲ್ಲೂಕು ಕಚೇರಿಯಲ್ಲಿದೆ.

ನಿಮ್ಮ ಊರಿನ ಕಡೆಯೂ ಇಂಥ ಜಾಡಿದ್ದರೆ, ಸೈಕಲ್ಲು ಇರಲಿ ಬಿಡಲಿ, ಗ್ರಾಮ ನಕ್ಷೆ ತೆಗೆಸಿ ನೋಡಿ. ಜೋಡಿ ಚುಕ್ಕೆಗೆರೆ ಇದ್ದಲ್ಲಿ ಗೋಡೆ ಎದ್ದಿದ್ದರೆ ತಹಶೀಲ್ದಾರರಿಗೆ ಒಂದು ಅರ್ಜಿ ಕೊಡಿ, ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.