ಆಳು ನಿಧಾನವೋ, ನಮ್ಮ ತಯಾರಿ ನಿಧಾನವೋ?

"ಈಗಿನ ಆಳುಗಳು ಎಲ್ಲಿ ಕೆಲಸ ಮಾಡ್ತಾರೆ ಸ್ವಾಮಿ?" ಮನೆ ಕಟ್ಟಿಸುವವರ ಬಾಯಲ್ಲಿ ಈ ಮಾತು ಮಾಮೂಲು. ಗುತ್ತಿಗೆ, ಗಾರೆ, ಸೆಂಟ್ರಿಂಗ್, ಟೈಲ್ಸ್ ಕೆಲಸಗಳಲ್ಲಿ ನಮ್ಮ ಬ್ಯಾರಿಗಳೂ ಇದ್ದಾರೆ. ದೂರುವವರ ಸಾಲಿನಲ್ಲೂ ನಾವಿದ್ದೇವೆ, ದೂರು ಕೇಳುವವರ ಸಾಲಿನಲ್ಲೂ ಇದ್ದೇವೆ. ಹಾಗಾಗಿ ಈ ಮಾತನ್ನು ತೂಗಿ ನೋಡೋಣ.

ಬೇಲೂರು, ಹಳೇಬೀಡಿನ ಕೆತ್ತನೆ ಕಂಡು ನಾವೆಲ್ಲ ಬೆರಗಾಗಿದ್ದೇವೆ. ಅದರಲ್ಲಿ ಶಿಲ್ಪಿಯ ಕೈಯಷ್ಟೇ ಅಲ್ಲ, ಕಲ್ಲಿನ ಆಯ್ಕೆಯ ಪಾಲೂ ಇದೆ. ಹೊಯ್ಸಳರ ಕಾಲದಲ್ಲಿ ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಮೇಲೆ ಗಟ್ಟಿ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳು ಅವರು ಕೆತ್ತಿದ ಶಿಲ್ಪಗಳಲ್ಲೇ ಇವೆ. ಹದವಾದ ಸಾಮಗ್ರಿಯೂ ಸಿಕ್ಕಿತು, ಕೆಲಸಕ್ಕೆ ಮರ್ಯಾದೆಯೂ ಸಿಕ್ಕಿತು.

ಇವತ್ತಿನ ಸೈಟಿಗೆ ಬನ್ನಿ. ಎಂಟು ಆಳು ಬೆಳಿಗ್ಗೆಯೇ ಬಂದಿದ್ದಾರೆ, ಜಲ್ಲಿ ಲಾರಿ ಎರಡು ಗಂಟೆ ತಡ. ಅಲ್ಲಿಗೆ 16 ಗಂಟೆ, ಅಂದರೆ ಇಬ್ಬರ ಇಡೀ ದಿನದ ದುಡಿಮೆ ಹೋಯಿತು. ಕಟ್ಟಿದ ಗೋಡೆಯನ್ನು "ಬಾಗಿಲು ಆ ಕಡೆ ಇರಲಿ" ಎಂದು ಒಡೆಸಿದರೆ ಮತ್ತೊಂದು ದಿನ. ಇದರಲ್ಲಿ ಆಳಿನ ತಪ್ಪೇನು?

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಮಲೆನಾಡಿಗೆ ಅಂಟಿಕೊಂಡ ಬೇಲೂರಿನಲ್ಲಿ ಮಳೆಗಾಲಕ್ಕೆ ಮೊದಲೇ ಸ್ಲ್ಯಾಬ್ ಮುಗಿಸಬೇಕು. ಬಯಲುಸೀಮೆಯ ಅರಸೀಕೆರೆಯಲ್ಲಿ ನೀರಿನದೇ ಚಿಂತೆ. ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಬೇಕು. ಟ್ಯಾಂಕರ್ ಬಾರದಿದ್ದರೆ ಕೆಲಸವೂ ಕೆಡುತ್ತದೆ, ಹೆಸರೂ ಕೆಡುತ್ತದೆ.

ಇನ್ನು ಬಿಸಿಲು. ಯುಎಇಯಲ್ಲಿ ದುಡಿದು ಬಂದವರಿಗೆ ಗೊತ್ತು, ಅಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ. ನಮ್ಮಲ್ಲೂ ಸೈಟಿನಲ್ಲಿ ಕುಡಿಯುವ ನೀರು, ಶೌಚಾಲಯ ಇರಬೇಕೆಂದು 1996ರಲ್ಲೇ ಕಾಯ್ದೆ ಬಂತು. ನೆರಳಿಗೊಂದು ತಗಡಿನ ಚಪ್ಪರ ಹಾಕಲು ಕಾಯ್ದೆಯೇ ಬೇಕೆಂದಿಲ್ಲ.

ವಾರದ ಬಟವಾಡೆ ತಡವಾದರೆ ನುರಿತ ಮೇಸ್ತ್ರಿ ಬೇರೆ ಸೈಟಿಗೆ ಹೋಗುತ್ತಾನೆ. ಹೊಸಬನಿಗೆ ಕೆಲಸ ಕಲಿಸುವಷ್ಟರಲ್ಲಿ ತಿಂಗಳು ಕಳೆಯುತ್ತದೆ. ವರ್ಷಕ್ಕೆ 90 ದಿನ ದುಡಿದವರಿಗೆ ಕಾರ್ಮಿಕ ಕಲ್ಯಾಣ ಮಂಡಳಿಯ ಕಾರ್ಡ್ ಸಿಗುತ್ತದೆ. ಅದನ್ನು ಮಾಡಿಸಿಕೊಳ್ಳಲು ಗುತ್ತಿಗೆದಾರರೇ ನೆರವಾಗಬಹುದು.

ಆದ್ದರಿಂದ ಕಟ್ಟಿಸುವವರೂ ಗುತ್ತಿಗೆದಾರರೂ ಆಳನ್ನು ಬೈಯುವ ಮೊದಲು ಒಮ್ಮೆ ಕೇಳಿಕೊಳ್ಳಲಿ: ಸಾಮಾನು ಬಂದಿದೆಯೇ? ನೀರಿದೆಯೇ? ಹೋದ ವಾರದ ಕೂಲಿ ಕೊಟ್ಟಾಗಿದೆಯೇ?