ಆರಿದ ಗೋಬರ್ ಅನಿಲ ಒಲೆಯಿಂದ ದುರ್ವಾಸನೆ: ಕಾರಣಗಳು, ಪತ್ತೆ ಕ್ರಮ ಹಾಗೂ ಪರಿಹಾರ

ಗೋಬರ್ ಅನಿಲ ಸ್ಥಾವರವನ್ನು ಹೊಂದಿರುವ ರೈತ ಕುಟುಂಬಗಳು ಆಗಾಗ್ಗೆ ಹೇಳುವ ತೊಂದರೆಯೊಂದಿದೆ. ಒಲೆ ಉರಿಯುತ್ತಿರುವಾಗ ಯಾವ ವಾಸನೆಯೂ ಇರುವುದಿಲ್ಲ. ಆದರೆ ಬೆಳಗಿನ ಜಾವ ಅಡುಗೆಮನೆಯ ಬಾಗಿಲು ತೆರೆದಾಗ, ಅಥವಾ ನಾಲ್ಕು ದಿನ ಊರಿಗೆ ಹೋಗಿ ಬಂದಾಗ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಸಗಣಿಯಿಂದ ಬರುವ ಅನಿಲವಾದ್ದರಿಂದ ಇದು ಸಹಜವೆಂದು ಹಲವರು ಭಾವಿಸುತ್ತಾರೆ. ಈ ಭಾವನೆ ತಪ್ಪು. ಸರಿಯಾಗಿ ಜೋಡಿಸಿದ ಕೊಳವೆ ಮತ್ತು ಒಲೆಯಿಂದ ಎಳ್ಳಷ್ಟೂ ವಾಸನೆ ಬರಬಾರದು. ವಾಸನೆ ಬಂದಿತೆಂದರೆ ಎಲ್ಲಿಯೋ ಅನಿಲ ಸೋರುತ್ತಿದೆ ಎಂದೇ ತಿಳಿಯಬೇಕು.

ವಾಸನೆಯ ಮೂಲ

ಗೋಬರ್ ಅನಿಲದಲ್ಲಿ ಸುಮಾರು ಶೇ. 55ರಿಂದ 65ರಷ್ಟು ಮೀಥೇನ್, ಶೇ. 35ರಿಂದ 40ರಷ್ಟು ಇಂಗಾಲದ ಡೈಆಕ್ಸೈಡ್, ನೀರಾವಿ ಹಾಗೂ ಅತ್ಯಲ್ಪ ಪ್ರಮಾಣದಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತವೆ. ಮೀಥೇನ್ ಹಾಗೂ ಇಂಗಾಲದ ಡೈಆಕ್ಸೈಡ್‌ಗೆ ವಾಸನೆಯಿಲ್ಲ. ನಮ್ಮ ಮೂಗಿಗೆ ತಟ್ಟುವುದು ಹೈಡ್ರೋಜನ್ ಸಲ್ಫೈಡ್. ಗಾಳಿಯಲ್ಲಿ ಇದು ದಶಲಕ್ಷಕ್ಕೆ ಒಂದು ಭಾಗಕ್ಕಿಂತ ಬಹಳ ಕಡಿಮೆಯಿದ್ದರೂ ಮನುಷ್ಯನ ಮೂಗು ಗುರುತಿಸಬಲ್ಲುದು. ಈ ದೃಷ್ಟಿಯಿಂದ ವಾಸನೆಯು ಒಂದು ಎಚ್ಚರಿಕೆಯ ಗಂಟೆ.

ಆದರೆ ಈ ಗಂಟೆಯನ್ನು ಪೂರ್ಣವಾಗಿ ನಂಬುವಂತಿಲ್ಲ. ಹೈಡ್ರೋಜನ್ ಸಲ್ಫೈಡ್ ದಶಲಕ್ಷಕ್ಕೆ ಸುಮಾರು 100 ಭಾಗಗಳನ್ನು ತಲುಪಿದಾಗ ಕೆಲವೇ ನಿಮಿಷಗಳಲ್ಲಿ ಘ್ರಾಣಶಕ್ತಿ ಕುಂದುತ್ತದೆ. 500 ಭಾಗಗಳನ್ನು ಮೀರಿದರೆ ಪ್ರಜ್ಞೆ ತಪ್ಪಿ ಪ್ರಾಣಾಪಾಯ ಸಂಭವಿಸಬಹುದು. ವಾಸನೆ ತಾನಾಗಿ ಕಡಿಮೆಯಾಯಿತು ಎಂದರೆ ಅಪಾಯ ಕಳೆಯಿತೆಂದು ಅರ್ಥವಲ್ಲ. ಇದರೊಂದಿಗೆ, ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟು ಬೆರೆತಾಗ ಒಂದು ಕಿಡಿಯಿಂದ ಸ್ಫೋಟವಾಗಬಲ್ಲುದು ಎಂಬುದನ್ನೂ ನೆನಪಿಡಬೇಕು.

ಒಲೆ ಆರಿರುವಾಗಲೇ ವಾಸನೆ ಏಕೆ?

1. ಒತ್ತಡದ ಏರಿಕೆ: ತೇಲುವ ಡ್ರಮ್ಮಿನ ಕೆ.ವಿ.ಐ.ಸಿ. ಮಾದರಿಯಲ್ಲಿ ಅನಿಲದ ಒತ್ತಡ ನೀರಿನ ಮಟ್ಟದ ಲೆಕ್ಕದಲ್ಲಿ ಸುಮಾರು 10 ಸೆಂ.ಮೀ.ನಷ್ಟಿದ್ದು ಹೆಚ್ಚು ಬದಲಾಗುವುದಿಲ್ಲ. ಸ್ಥಿರ ಗುಮ್ಮಟದ ದೀನಬಂಧು ಮಾದರಿಯಲ್ಲಿ ಹಾಗಲ್ಲ. ಬಳಕೆಯಿಲ್ಲದ ರಾತ್ರಿಯಲ್ಲಿ ಅನಿಲ ಶೇಖರಣೆಯಾದಂತೆ ಒತ್ತಡವು ಏರುತ್ತಾ ಸುಮಾರು 90 ಸೆಂ.ಮೀ.ವರೆಗೂ ಹೋಗಬಹುದು. ಸಂಜೆ ಸೋರದ ಕೂದಲೆಳೆಯ ಬಿರುಕು ಬೆಳಗಿನ ಜಾವ ಸೋರುತ್ತದೆ.

2. ತಾನಾಗಿ ಆರಿದ ಒಲೆ: ಅಡುಗೆಯ ಮಧ್ಯದಲ್ಲಿ ಅನಿಲ ಮುಗಿದು ಜ್ವಾಲೆ ಆರಿದಾಗ, ಒಲೆಯ ಗುಂಡಿಯನ್ನು ಮುಚ್ಚಲು ಮರೆಯುವುದುಂಟು. ಕೆಲವು ಗಂಟೆಗಳ ನಂತರ ಒತ್ತಡ ಮರಳಿದಾಗ ಅನಿಲವು ಉರಿಯದೆ ನೇರವಾಗಿ ಕೋಣೆಗೆ ಬರುತ್ತದೆ. ಎಲ್ಲ ಕಾರಣಗಳಲ್ಲಿ ಇದು ಅತ್ಯಂತ ಅಪಾಯಕಾರಿ.

3. ಬರಿದಾದ ನೀರಿನ ಟ್ರ್ಯಾಪ್: ಕೊಳವೆಯಲ್ಲಿ ಸಾಂದ್ರೀಕರಿಸಿದ ನೀರನ್ನು ಹೊರಹಾಕಲು ಅಳವಡಿಸುವ 'ಯು' ಆಕಾರದ ಟ್ರ್ಯಾಪ್‌ನಲ್ಲಿರುವ ನೀರೇ ಅನಿಲಕ್ಕೆ ತಡೆ. ಬೇಸಿಗೆಯಲ್ಲಿ ಆ ನೀರು ಆವಿಯಾದರೆ, ಅಥವಾ ಹೆಚ್ಚಿದ ಒತ್ತಡದಿಂದ ಹೊರಚಿಮ್ಮಿದರೆ, ಅನಿಲ ಆ ಮಾರ್ಗವಾಗಿ ಹೊರಬರುತ್ತದೆ.

4. ಸವೆದ ಭಾಗಗಳು: ಹೈಡ್ರೋಜನ್ ಸಲ್ಫೈಡ್ ಮತ್ತು ತೇವಾಂಶ ಸೇರಿ ಹಿತ್ತಾಳೆಯ ಕವಾಟಗಳನ್ನು ಕಪ್ಪಾಗಿಸಿ ಕೊರೆಯುತ್ತವೆ. ರಬ್ಬರ್ ಕೊಳವೆ ಗಟ್ಟಿಯಾಗಿ ಬಿರಿಯುತ್ತದೆ; ಇಲಿಗಳು ಕಡಿಯುವುದೂ ಉಂಟು.

ವಾಸನೆ ಬಂದ ಕೂಡಲೇ ಮಾಡಬೇಕಾದುದು

• ಬೆಂಕಿಕಡ್ಡಿ ಗೀರಬಾರದು. ದೀಪದ ಸ್ವಿಚ್ಚನ್ನು ಹಾಕುವುದಾಗಲೀ ಆರಿಸುವುದಾಗಲೀ ಕೂಡದು. ದುರ್ವಾಸನೆಯನ್ನು ಮರೆಮಾಚಲು ಊದಿನಕಡ್ಡಿ ಅಥವಾ ಸಾಂಬ್ರಾಣಿ ಹಚ್ಚುವ ಅಭ್ಯಾಸ ಕೆಲವೆಡೆ ಇದೆ. ಇದು ಸ್ಫೋಟಕ್ಕೆ ಆಹ್ವಾನ.
• ಬಾಗಿಲು, ಕಿಟಕಿಗಳನ್ನು ಪೂರ್ಣ ತೆರೆದು, ಮನೆಮಂದಿಯೆಲ್ಲರೂ ಹೊರಗೆ ಬರಬೇಕು.
• ಸ್ಥಾವರದ ಗುಮ್ಮಟದ ಅಥವಾ ಡ್ರಮ್ಮಿನ ಮೇಲಿರುವ ಮುಖ್ಯ ಕವಾಟವನ್ನು ಮುಚ್ಚಬೇಕು.
• ಯಾರಿಗಾದರೂ ತಲೆಸುತ್ತು, ಕಣ್ಣುರಿ, ವಾಕರಿಕೆ ಕಂಡುಬಂದರೆ ತೆರೆದ ಗಾಳಿಗೆ ಕರೆತಂದು ವೈದ್ಯರಲ್ಲಿಗೆ ಒಯ್ಯಬೇಕು. ತುರ್ತು ಸಹಾಯಕ್ಕೆ 112 ಸಂಖ್ಯೆಗೆ ಕರೆ ಮಾಡಬೇಕು.

ಸೋರಿಕೆ ಪತ್ತೆ ಹಚ್ಚುವ ಕ್ರಮ

ಕೋಣೆಯಲ್ಲಿ ಗಾಳಿಯಾಡಿ ವಾಸನೆ ಸಂಪೂರ್ಣ ಹೋದ ನಂತರವೇ ಪರೀಕ್ಷೆಗೆ ತೊಡಗಬೇಕು. ಅದೇ ಕೋಣೆಯಲ್ಲಿ ಸೌದೆ ಒಲೆ ಇದ್ದರೆ ಕೆಂಡವನ್ನೂ, ದೇವರ ಮುಂದೆ ನಂದಾದೀಪವಿದ್ದರೆ ಅದನ್ನೂ ಆರಿಸಿರಬೇಕು.

ಮೊದಲ ಹಂತ: ಸಂಜೆ ಅಡುಗೆ ಮುಗಿಯುವ ವೇಳೆಗೆ ಮುಖ್ಯ ಕವಾಟವನ್ನು ಮುಚ್ಚಿ, ಕೊಳವೆಯಲ್ಲಿ ಉಳಿದ ಅನಿಲವನ್ನು ಒಲೆಯಲ್ಲಿ ಉರಿಸಿ ಮುಗಿಸಿ, ನಂತರ ಒಲೆಯ ಗುಂಡಿಗಳನ್ನು ಮುಚ್ಚಬೇಕು. ಬೆಳಿಗ್ಗೆ ವಾಸನೆ ಇಲ್ಲದಿದ್ದರೆ, ಸೋರಿಕೆಯು ಮುಖ್ಯ ಕವಾಟದಿಂದ ಒಲೆಯವರೆಗಿನ ಭಾಗದಲ್ಲಿಯೇ ಇದೆ ಎಂದು ತಿಳಿಯಬಹುದು. ಆಗಲೂ ವಾಸನೆ ಇದ್ದರೆ ಎರಡು ಸಾಧ್ಯತೆಗಳಿವೆ. ಒತ್ತಡಮಾಪಕವು ಸೊನ್ನೆಯಿಂದ ಮೇಲೇರಿದ್ದರೆ ಮುಖ್ಯ ಕವಾಟವೇ ಸವೆದಿದೆ. ಸೊನ್ನೆಯಲ್ಲಿಯೇ ಇದ್ದರೆ ಮೂಲ ಬೇರೆ: ಬಚ್ಚಲಿನ ಮೋರಿ, ಕಿಟಕಿಯ ಬಳಿಯ ಬಗ್ಗಡದ ಗುಂಡಿ, ಅಥವಾ ಎಲ್.ಪಿ.ಜಿ. ಸಿಲಿಂಡರನ್ನು ಪರೀಕ್ಷಿಸಬೇಕು. ಎಲ್.ಪಿ.ಜಿ. ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಶೇಖರಣೆಯಾಗುತ್ತದೆ. ಗೋಬರ್ ಅನಿಲ ಗಾಳಿಗಿಂತ ತುಸು ಹಗುರ.

ಎರಡನೆಯ ಹಂತ: ಹಗಲಿನಲ್ಲಿ, ಕಿಟಕಿಗಳನ್ನು ತೆರೆದಿಟ್ಟು, ಮುಖ್ಯ ಕವಾಟವನ್ನು ತೆರೆಯಬೇಕು; ಅಡುಗೆಮನೆಯ ಗೋಡೆಯ ಕವಾಟವನ್ನು ಮುಚ್ಚಿರಬೇಕು. ಸಾಬೂನಿನ ನೊರೆನೀರನ್ನು ಬ್ರಷ್‌ನಿಂದ ಪ್ರತಿಯೊಂದು ಜೋಡಣೆಗೂ ಹಚ್ಚುತ್ತಾ ಬರಬೇಕು. ಗುಳ್ಳೆ ಉಬ್ಬಿದ ಜಾಗವೇ ಸೋರುವ ಜಾಗ. ನೀರಿನ ಟ್ರ್ಯಾಪ್ ಅನ್ನೂ ಇದೇ ವೇಳೆ ನೋಡಬೇಕು.

ಮೂರನೆಯ ಹಂತ: ಗೋಡೆಯ ಕವಾಟವನ್ನು ತೆರೆದು, ಒಲೆಯ ಗುಂಡಿಗಳನ್ನು ಮುಚ್ಚಿಟ್ಟು, ರಬ್ಬರ್ ಕೊಳವೆಯ ಎರಡು ತುದಿಗಳಿಗೆ, ಗುಂಡಿಗಳ ಬುಡಕ್ಕೆ ಹಾಗೂ ಬರ್ನರಿನ ಜೆಟ್ ರಂಧ್ರಕ್ಕೆ ನೊರೆ ಹಚ್ಚಬೇಕು. ಜೆಟ್‌ನಲ್ಲಿ ಗುಳ್ಳೆ ಬಂದರೆ ಗುಂಡಿ ಪೂರ್ತಿ ಮುಚ್ಚುತ್ತಿಲ್ಲ ಎಂದರ್ಥ.

ಬೆಂಕಿಕಡ್ಡಿ ಹಿಡಿದು ಸೋರಿಕೆ ಹುಡುಕುವುದನ್ನು ಯಾವ ಸಂದರ್ಭದಲ್ಲಿಯೂ ಮಾಡಬಾರದು.

ಪರಿಹಾರ ಕ್ರಮಗಳು

• ಸವೆದ ಕವಾಟ ಹಾಗೂ ಗುಂಡಿಗಳನ್ನು ಬದಲಾಯಿಸಬೇಕು. ಬಿರಿದ ರಬ್ಬರ್ ಕೊಳವೆಗೆ ಟೇಪ್ ಸುತ್ತಿ ಮುಂದುವರಿಸಬಾರದು, ಐ.ಎಸ್.ಐ. ಮುದ್ರೆಯ ಹೊಸ ಕೊಳವೆ ಹಾಕಿ, ಎರಡೂ ತುದಿಗಳಿಗೆ ಕ್ಲಿಪ್ ಬಿಗಿಯಬೇಕು.
• ಟ್ರ್ಯಾಪ್‌ನಲ್ಲಿ ಸೂಚಿತ ಮಟ್ಟದವರೆಗೆ ನೀರು ತುಂಬಬೇಕು. ಕೊಳವೆಯು ಟ್ರ್ಯಾಪ್‌ನ ಕಡೆಗೆ ಪ್ರತಿ 100 ಅಡಿಗೆ 1 ಅಡಿಯಂತೆ ಇಳಿಜಾರಾಗಿರಬೇಕು.
• ಊರಿಗೆ ಹೋಗುವಾಗ ಹಾಗೂ ಪ್ರತಿ ರಾತ್ರಿ ಮುಖ್ಯ ಕವಾಟವನ್ನು ಮುಚ್ಚುವುದನ್ನು ರೂಢಿಸಿಕೊಳ್ಳಬೇಕು. ಒಲೆ ತಾನಾಗಿ ಆರಿದ ಕ್ಷಣವೇ ಗುಂಡಿ ಮುಚ್ಚಬೇಕು.
• ಅಡುಗೆಮನೆಯ ಮೇಲ್ಭಾಗದಲ್ಲಿ, ಚಾವಣಿಗೆ ಸಮೀಪ, ಸದಾ ತೆರೆದಿರುವ ಗವಾಕ್ಷಿ ಇರಬೇಕು.

ಸೋರಿಕೆ ಸರಿಪಡಿಸಿದ ಮೇಲೂ ಒಲೆ ಹಚ್ಚುವಾಗ ಗಂಧಕದ ಘಾಟು ಹೆಚ್ಚಾಗಿದ್ದರೆ, ಸ್ಥಾವರಕ್ಕೆ ಹಾಕುವ ಕಚ್ಚಾವಸ್ತುವಿನತ್ತ ಗಮನಹರಿಸಬೇಕು. ಕೋಳಿಗೊಬ್ಬರ ಹಾಗೂ ಹಿಂಡಿಯಂತಹ ಸಾರಜನಕ, ಗಂಧಕ ಹೆಚ್ಚಿರುವ ವಸ್ತುಗಳಿಂದ ಹೈಡ್ರೋಜನ್ ಸಲ್ಫೈಡ್ ಅಧಿಕವಾಗುತ್ತದೆ. 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿ.ಗ್ರಾಂ. ಸಗಣಿಯನ್ನು ಅಷ್ಟೇ ನೀರಿನೊಂದಿಗೆ ಕಲಸಿ ಹಾಕಿದರೆ ಸಾಕು. ಅತಿಯಾಗಿ ತುಂಬಿದಾಗ ಬಗ್ಗಡ ಹುಳಿಯಾಗಿ ಅನಿಲದ ಗುಣಮಟ್ಟ ಕುಸಿಯುತ್ತದೆ. ಆಗ ಕೆಲದಿನ ತುಂಬುವುದನ್ನು ನಿಲ್ಲಿಸಿ, ಚೆನ್ನಾಗಿ ನಡೆಯುತ್ತಿರುವ ಸ್ಥಾವರದ ಬಗ್ಗಡವನ್ನು ಸೇರಿಸಬೇಕು. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ತುಂಬಿದ ಸೋಸು ಡಬ್ಬಿಯ ಮೂಲಕ ಅನಿಲವನ್ನು ಹಾಯಿಸಿದರೆ ಹೈಡ್ರೋಜನ್ ಸಲ್ಫೈಡ್ ತುಕ್ಕಿನೊಂದಿಗೆ ಸಂಯೋಗಗೊಂಡು ಅಲ್ಲಿಯೇ ಉಳಿಯುತ್ತದೆ. ಚೂರುಗಳು ಕಪ್ಪಾದಾಗ ಬದಲಾಯಿಸಬೇಕು. ತೆಗೆದ ಚೂರುಗಳು ಗಾಳಿಗೆ ತಾಗಿ ಬಿಸಿಯಾಗುವುದರಿಂದ, ಹುಲ್ಲು, ಸೌದೆಗಳಿಂದ ದೂರ ಬಯಲಿನಲ್ಲಿ ಹರಡಬೇಕು.

ಗುಂಡಿಗೆ ಇಳಿಯಲೇಬಾರದು

ವಾಸನೆಯ ಕಾರಣ ಹುಡುಕುತ್ತಾ ಸ್ಥಾವರದ ಒಳಗೆ ಅಥವಾ ಬಗ್ಗಡದ ಹೊರಗುಂಡಿಗೆ ಇಳಿಯುವುದು ಪ್ರಾಣಾಂತಿಕ. ಅಡುಗೆಮನೆಯಲ್ಲಿ ಸೋರಿದ ಅನಿಲವು ಗಾಳಿಯೊಂದಿಗೆ ಬೆರೆತು ತೆಳುವಾಗುತ್ತದೆ, ಗುಂಡಿಯೊಳಗೆ ಹಾಗಾಗುವುದಿಲ್ಲ. ಬಗ್ಗಡವನ್ನು ಕಲಕಿದಾಗ ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಬಿಡುಗಡೆಯಾಗುತ್ತದೆ. ಒಳಗೆ ಆಮ್ಲಜನಕವೂ ಇರುವುದಿಲ್ಲ. ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲಿಯೇ ಕುಸಿಯುತ್ತಾರೆ. ಹೀಗಾಗಿ ಒಂದೇ ಮನೆಯ ಹಲವರು ಒಟ್ಟಿಗೆ ಸಾವಿಗೀಡಾಗುವ ಸಂಭವವಿದೆ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದರಿಂದ ರಕ್ಷಣೆ ಸಿಗುವುದಿಲ್ಲ. ಸ್ಥಾವರದ ಒಳಗಿನ ಕೆಲಸವನ್ನು ಶ್ವಾಸೋಪಕರಣ ಹೊಂದಿರುವ ತರಬೇತಾದ ತಂಡದಿಂದಲೇ ಮಾಡಿಸಬೇಕು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಕ್ಷೇತ್ರ ಭೇಟಿಯಲ್ಲಿ ಅನಿಲ ಸಾಕಷ್ಟು ಬರುತ್ತಿದೆಯೇ ಎಂದು ಕೇಳುವುದರ ಜೊತೆಗೆ, ಬೆಳಿಗ್ಗೆ ಮೊದಲು ಅಡುಗೆಮನೆಗೆ ಹೋಗುವವರನ್ನು, ಹೆಚ್ಚಾಗಿ ಮನೆಯ ಮಹಿಳೆಯರನ್ನು, ವಾಸನೆಯ ಬಗ್ಗೆ ನೇರವಾಗಿ ವಿಚಾರಿಸಬೇಕು. ಮುಖ್ಯ ಕವಾಟ ಎಲ್ಲಿದೆ, ಅದನ್ನು ಹೇಗೆ ಮುಚ್ಚಬೇಕು ಎಂಬುದು ಮನೆಯ ಪ್ರತಿ ವಯಸ್ಕರಿಗೂ ತಿಳಿದಿರುವಂತೆ ಅವರ ಕೈಯಿಂದಲೇ ಮಾಡಿಸಿ ತೋರಿಸಬೇಕು. ನೊರೆನೀರಿನ ಪರೀಕ್ಷೆಯನ್ನು ವರ್ಷಕ್ಕೆ ಎರಡು ಬಾರಿ, ಮುಂಗಾರಿಗೆ ಮೊದಲು ಹಾಗೂ ಬೇಸಿಗೆಯ ಆರಂಭದಲ್ಲಿ, ನಡೆಸುವುದು ಸೂಕ್ತ. ಸೋರಿಕೆಯ ಮೂಲ ಸಿಗದಿದ್ದಲ್ಲಿ ಮುಖ್ಯ ಕವಾಟವನ್ನು ಮುಚ್ಚಿಟ್ಟು, ಬಳಕೆ ನಿಲ್ಲಿಸಿ, ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬೇಕು.