ಗೋಡೆಯ ಮೇಲಿನ ಕೊಂಬು

ಹಳೆಯ ಅರಮನೆಗಳಲ್ಲಿ, ಕಾಫಿ ತೋಟದ ಬಂಗಲೆಗಳಲ್ಲಿ, ಗೋಡೆಯಿಂದ ತಲೆ ಹೊರಚಾಚಿದ ಕಾಟಿಯನ್ನೋ ಕಡವೆಯನ್ನೋ ನೀವು ಕಂಡಿರಬಹುದು. ಬಾಯಿ ತೆರೆದು ನೆಲದ ಮೇಲೆ ಹಾಸಿಕೊಂಡಿರುವ ಹುಲಿಯ ಚರ್ಮವನ್ನೂ ಕಂಡಿರಬಹುದು. ಅದರ ಕಣ್ಣು ಗಾಜಿನದು. ಇಂಥ ಕೆಲಸಕ್ಕೆ ನಮ್ಮ ಮೈಸೂರು ಒಂದು ಕಾಲದಲ್ಲಿ ಲೋಕಪ್ರಸಿದ್ಧವಾಗಿದ್ದಿತು. 1900ರ ಸುಮಾರಿಗೆ ಅಲ್ಲಿ ಆರಂಭವಾದ ವ್ಯಾನ್ ಇಂಗೆನ್ ಸಂಸ್ಥೆಯು ಹೆಚ್ಚುಕಡಮೆ ಒಂದು ಶತಮಾನ ಕಾಲ ನಡೆದು, ರಾಜಮಹಾರಾಜರೂ ಬ್ರಿಟಿಷ್ ಅಧಿಕಾರಿಗಳೂ ಕೊಂದ ಸಾವಿರಾರು ಹುಲಿ ಚಿರತೆಗಳಿಗೆ ಜೀವಂತ ಪ್ರಾಣಿಯ ರೂಪವನ್ನು ಕೊಟ್ಟಿತು.

ಈ ಗೋಡೆಗಳನ್ನು ನೋಡುವಾಗ ಒಂದು ಸಂಗತಿ ಗಮನಕ್ಕೆ ಬರಬೇಕು. ಅಲ್ಲಿ ಸೊರಗಿದ ಪ್ರಾಣಿಯಿಲ್ಲ, ಮೋಟು ಕೊಂಬಿನ ಪ್ರಾಣಿಯೂ ಇಲ್ಲ. ಇರುವುದೆಲ್ಲ ತನ್ನ ಜಾತಿಯಲ್ಲಿ ದೊಡ್ಡದು, ಪುಷ್ಟವಾದದ್ದು. ಹೊಟ್ಟೆಗಾಗಿ ಬೇಟೆಯಾಡುವವನಿಗೆ ಯಾವ ಪ್ರಾಣಿಯಾದರೂ ಆದೀತು. ಬೆಳೆ ಕಾಯುವವನಿಗೆ ಹೊಲಕ್ಕೆ ನುಗ್ಗಿದ ಪ್ರಾಣಿಯೇ ಗುರಿ. ಆದರೆ ಕೊಂಬನ್ನೋ ತಲೆಯನ್ನೋ ವಿಜಯಚಿಹ್ನೆಯೆಂದು ಮನೆಗೆ ಒಯ್ಯಬೇಕೆನ್ನುವವನು ಆರಿಸಿ ಕೊಲ್ಲುತ್ತಾನೆ. ‘ಟ್ರೋಫಿ ಬೇಟೆ’ ಎಂದು ಕರೆಯುವ ಈ ವಿನೋದದ ಆಕರ್ಷಣೆಯೂ ಅಪಾಯವೂ ಆ ಆಯ್ಕೆಯಲ್ಲಿಯೇ ಅಡಗಿವೆ.

ಆಕರ್ಷಣೆ ಸುಳ್ಳಲ್ಲ. ದಿನಗಟ್ಟಲೆ ಹೆಜ್ಜೆಯ ಜಾಡನ್ನು ಹಿಡಿದು ನಡೆಯುವುದಕ್ಕೆ, ಗಾಳಿ ಬೀಸುವ ದಿಕ್ಕನ್ನರಿತು ಅವಿತು ಕುಳಿತಿರುವುದಕ್ಕೆ ತಾಳ್ಮೆ ಬೇಕು, ಧೈರ್ಯ ಬೇಕು, ಕಾಡಿನ ತಿಳಿವಳಿಕೆ ಬೇಕು. ಇದಕ್ಕೆ ಸ್ಪರ್ಧೆಯೂ ಸೇರಿಕೊಂಡಿತು. ಲಂಡನ್ನಿನ ರೋಲೆಂಡ್ ವಾರ್ಡ್ ಎಂಬಾತನು ಕೊಂಬು, ದಂತಗಳ ಅಳತೆಗಳನ್ನು ಕೂಡಿಸಿ 1892ರಲ್ಲಿ ದಾಖಲೆಯ ಪುಸ್ತಕವೊಂದನ್ನು ಹೊರತಂದನು. ಬೇಟೆಗಾರನ ಕೀರ್ತಿಯನ್ನು ಅಂಗುಲಗಳಿಂದ ಅಳೆಯುವ ಪದ್ಧತಿ ಬೇರೂರಿತು. ಹಾಗೆಂದು ಬೇಟೆಗಾರರೆಲ್ಲರೂ ಕಾಡಿನ ವೈರಿಗಳೆಂದರೆ ತಪ್ಪಾದೀತು. ಅಮೆರಿಕದ ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಸ್ಥಾಪಿಸಿದ ಬೂನ್ ಮತ್ತು ಕ್ರಾಕೆಟ್ ಬೇಟೆಗಾರರ ಸಂಘವೇ ಅಲ್ಲಿಯ ಯೆಲ್ಲೋಸ್ಟೋನ್ ಅರಣ್ಯದ ರಕ್ಷಣೆಗೆ ದುಡಿಯಿತು. ನಮ್ಮ ಕುಮಾವೂನಿನ ಜಿಮ್ ಕಾರ್ಬೆಟ್ಟರು ಬರಬರುತ್ತ ಕೋವಿಗಿಂತ ಕ್ಯಾಮೆರಾವನ್ನೇ ಹೆಚ್ಚಾಗಿ ಮೆಚ್ಚಿದರು.

ಇನ್ನು ಅಪಾಯವೇನು? ತೋಳಗಳು ಒಂದು ಹಿಂಡನ್ನು ಅಟ್ಟಿದಾಗ ಅವುಗಳ ಬಾಯಿಗೆ ಹೆಚ್ಚಾಗಿ ಸಿಕ್ಕುವುವು ಎಳೆಯವು, ಮುದಿಯವು, ರೋಗ ಹಿಡಿದವು. ಬಲವಾದವು ಉಳಿದು ಸಂತಾನವನ್ನು ಬೆಳೆಸುತ್ತವೆ. ಟ್ರೋಫಿ ಬೇಟೆಗಾರನ ಆಯ್ಕೆ ಇದಕ್ಕೆ ತೀರ ವಿರುದ್ಧವಾದುದು. ಹೀಗೆ ಉತ್ತಮವಾದವನ್ನೇ ತೆಗೆಯುತ್ತ ಹೋದರೆ ಉಳಿದ ಹಿಂಡಿನ ಗತಿಯೇನು?

ಈ ಪ್ರಶ್ನೆಗೆ ಕೆನಡಾ ದೇಶದ ಆಲ್ಬರ್ಟಾ ಪ್ರಾಂತದಲ್ಲಿ ಉತ್ತರ ದೊರೆತಿದೆ. ಅಲ್ಲಿಯ ರ‍್ಯಾಮ್ ಮೌಂಟನ್ ಎಂಬ ಬೆಟ್ಟದಲ್ಲಿ ಬಿಗ್‌ಹಾರ್ನ್ ಎಂಬ ಕಾಡುಕುರಿಗಳಿವೆ. ಇವುಗಳ ಟಗರಿನ ಕೊಂಬು ಕಿವಿಯ ಹಿಂದಿನಿಂದ ಸುತ್ತಿ ಕೆನ್ನೆಯ ಬಳಿಗೆ ಬರುವ ಭಾರವಾದ ಸುರುಳಿ. ಇದಕ್ಕೆ ಎಷ್ಟು ಬೆಲೆಯೆಂದರೆ, 1998 ಮತ್ತು 1999ರಲ್ಲಿ ಆಲ್ಬರ್ಟಾದ ಟಗರು ಬೇಟೆಯ ವಿಶೇಷ ಪರವಾನಗಿಗಳಿಗಾಗಿ ಒಬ್ಬನು ಹತ್ತು ಲಕ್ಷಕ್ಕೂ ಹೆಚ್ಚು ಕೆನಡಾ ಡಾಲರುಗಳನ್ನು ತೆತ್ತನು. 1970ರ ದಶಕದ ಆರಂಭದಿಂದಲೂ ವಿಜ್ಞಾನಿಗಳು ಈ ಬೆಟ್ಟದ ಕುರಿಗಳನ್ನು ಹಿಡಿದು, ಗುರುತು ಹಾಕಿ, ತೂಗಿ, ಕೊಂಬನ್ನು ಅಳೆದು ಬಿಡುತ್ತ ಬಂದಿದ್ದಾರೆ. ಯಾವ ಮರಿಗೆ ಯಾವ ತಾಯಿ, ಯಾವ ತಂದೆ ಎಂಬುದನ್ನೂ ಬಹುಮಟ್ಟಿಗೆ ಕಂಡುಕೊಂಡಿದ್ದಾರೆ.

ಅಲ್ಲಿ 1996ರವರೆಗೆ ಇದ್ದ ನಿಯಮ ಸರಳವಾದುದು: ಕೊಂಬಿನ ಸುರುಳಿ ಐದರಲ್ಲಿ ನಾಲ್ಕು ಪಾಲು ತುಂಬಿದ ಟಗರನ್ನು ಮಾತ್ರ ಹೊಡೆಯಬಹುದು. ಮೇಲುನೋಟಕ್ಕೆ ಇದು ಎಳೆಯ ಟಗರುಗಳನ್ನು ಕಾಪಾಡುವ ನಿಯಮ. ಆದರೆ ಅದರ ಫಲ ಬೇರೆಯಾಯಿತು. ಕೊಂಬು ವೇಗವಾಗಿ ಬೆಳೆಯುವ ಟಗರು ನಾಲ್ಕು ವರ್ಷಕ್ಕೇ ಈ ಅಳತೆಯನ್ನು ಮುಟ್ಟುತ್ತದೆ. ದೊಡ್ಡ ಕೊಂಬಿನ ಬಲದಿಂದ ಇತರ ಟಗರುಗಳನ್ನು ಸೋಲಿಸಿ ಹೆಚ್ಚು ಮರಿಗಳಿಗೆ ತಂದೆಯಾಗುವುದು ಇನ್ನೂ ಕೆಲವು ವರ್ಷಗಳು ಕಳೆದ ಮೇಲೆ. ಅಷ್ಟರೊಳಗೆ ಗುಂಡು ಬಂದು ತಗಲುತ್ತದೆ. ಕೊಂಬು ಸಣ್ಣದಾದ ಟಗರು ಮಾತ್ರ ಬದುಕಿ ಸಂತಾನವನ್ನು ಪಡೆಯುತ್ತದೆ. ರೈತನು ಒಳ್ಳೆಯ ತೆನೆಯನ್ನು ಬೀಜಕ್ಕೆಂದು ತೆಗೆದಿಡುತ್ತಾನಷ್ಟೆ. ಇಲ್ಲಿ ನಡೆದುದು, ಆ ತೆನೆಯನ್ನು ತಿಂದು ಸಣ್ಣ ಕಾಳನ್ನು ಬಿತ್ತಿದಂತೆ.

ಡೇವಿಡ್ ಕೋಲ್ಟ್‌ಮನ್ ಮತ್ತು ಅವರ ಸಂಗಡಿಗರು 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಅಧ್ಯಯನದ ಫಲವನ್ನು ಪ್ರಕಟಿಸಿದರು. 30 ವರ್ಷಗಳಲ್ಲಿ ಟಗರುಗಳ ಕೊಂಬೂ ಮೈತೂಕವೂ ಕುಗ್ಗಿದ್ದುವು. ಮೇವಿನ ಕೊರತೆಯಿಂದಲೂ ಕೊಂಬು ಕುಗ್ಗಬಹುದಲ್ಲವೇ ಎಂದು ಕೆಲವರು ಆಕ್ಷೇಪಿಸಿದರು. ಆಕ್ಷೇಪಣೆ ಸರಿಯಾದುದೇ. ಆದುದರಿಂದ ವಂಶಾವಳಿಯ ನೆರವಿನಿಂದ ಆನುವಂಶಿಕ ಅಂಶವನ್ನು ಬೇರ್ಪಡಿಸಿ ಮತ್ತೊಮ್ಮೆ ಲೆಕ್ಕ ಹಾಕಲಾಯಿತು. 2016ರಲ್ಲಿ ಪ್ರಕಟವಾದ ಆ ಲೆಕ್ಕವೂ, ಕೊಂಬಿನ ಉದ್ದಕ್ಕೆ ಕಾರಣವಾದ ಆನುವಂಶಿಕ ಗುಣವೇ ಇಳಿದುದನ್ನು ತೋರಿಸಿತು. ಬೇಟೆ ಬಹಳ ಮಟ್ಟಿಗೆ ನಿಂತ ಮೇಲೆ ಇಳಿತವೂ ನಿಂತಿತು. ಆದರೆ ಕಳೆದುಹೋದುದು ಹಿಂದಕ್ಕೆ ಬರಲಿಲ್ಲ.

ಸಿಂಹದ ವಿಷಯದಲ್ಲಿ ತೊಂದರೆ ಬೇರೊಂದು ಬಗೆಯದು. ಗುಂಪಿನ ಗಂಡುಸಿಂಹ ಸತ್ತರೆ ಹೊರಗಿನಿಂದ ಬರುವ ಗಂಡುಗಳು ಅಲ್ಲಿಯ ಮರಿಗಳನ್ನು ಕೊಲ್ಲುವುದುಂಟು. ಒಂದು ಗುಂಡಿಗೆ ಹಲವು ಪ್ರಾಣ ಹೋದಂತಾಯಿತು. ಕ್ರೇಗ್ ಪ್ಯಾಕರ್ ಮೊದಲಾದವರು 2004ರಲ್ಲಿ ಇದಕ್ಕೊಂದು ಉಪಾಯವನ್ನು ಸೂಚಿಸಿದರು. ಐದಾರು ವರ್ಷ ದಾಟಿದ ಗಂಡುಗಳನ್ನು ಮಾತ್ರ ಹೊಡೆದರೆ, ಅವುಗಳ ಮರಿಗಳು ಅಷ್ಟರಲ್ಲಿ ಬೆಳೆದಿರುವುದರಿಂದ, ಸಿಂಹಗಳ ಸಂಖ್ಯೆಗೆ ಧಕ್ಕೆಯಾಗದು. ವಯಸ್ಸಾದಂತೆ ಸಿಂಹದ ಮೂಗು ಕಪ್ಪಾಗುವುದರಿಂದ ದೂರದಿಂದಲೇ ವಯಸ್ಸನ್ನು ಅಂದಾಜು ಮಾಡಬಹುದು.

ಹಾಗಾದರೆ ನಿಯಮವನ್ನು ತಿದ್ದಿಕೊಂಡರೆ ಪ್ರಶ್ನೆ ತೀರಿತೇ? ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಸೆಸಿಲ್ ಎಂಬ ಸಿಂಹವನ್ನು ನೆನೆಯಿರಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅದರ ಕೊರಳಿಗೆ ಪಟ್ಟಿ ಕಟ್ಟಿ ಅಭ್ಯಸಿಸುತ್ತಿದ್ದರು. 2015ರ ಜುಲೈಯಲ್ಲಿ ಅಮೆರಿಕದಿಂದ ಬಂದ ಬೇಟೆಗಾರನೊಬ್ಬನು ಉದ್ಯಾನದ ಹೊರಗೆ ಅದಕ್ಕೆ ಬಾಣ ಹೊಡೆದನು. ಗಾಯಗೊಂಡ ಪ್ರಾಣಿ ಗಂಟೆಗಟ್ಟಲೆ ನರಳಿದ ಮೇಲೆ ಅದನ್ನು ಕೊಂದದ್ದಾಯಿತು. ಅದರ ವಯಸ್ಸು ಸುಮಾರು 13 ವರ್ಷ. ವಯಸ್ಸಿನ ನಿಯಮ ಮೀರಿರಲಿಲ್ಲ. ಆದರೂ ಲೋಕವೆಲ್ಲ ಮರುಗಿತು. ಸಂಖ್ಯೆಯ ಲೆಕ್ಕ ಸರಿಯಾದ ಮಾತ್ರಕ್ಕೆ ಮನಸ್ಸಿನ ಲೆಕ್ಕ ಸರಿಯಾಗುವುದಿಲ್ಲ.

ಬೇಟೆಯ ಪರವಾಗಿ ವಾದಿಸುವವರ ಬಲವಾದ ಮಾತು ಹಣದ್ದು. ಇದನ್ನು ತಳ್ಳಿಹಾಕುವಂತಿಲ್ಲ. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ತೋರ್ಘರ್ ಎಂಬ ಬೆಟ್ಟಸಾಲಿದೆ. ತಿರುಚಿದ ಕೊಂಬಿನ ಮಾರ್ಖೋರ್ ಎಂಬ ಕಾಡುಮೇಕೆ ಅಲ್ಲಿ 1980ರ ದಶಕದ ಹೊತ್ತಿಗೆ ಅಳಿವಿನ ಅಂಚಿಗೆ ಬಂದಿತ್ತು. ಆಗ ಅಲ್ಲಿಯ ಪಠಾಣರು ತಾವು ಬೇಟೆಯನ್ನು ಬಿಟ್ಟು, ವರ್ಷಕ್ಕೆ ಕೆಲವೇ ಹೋತಗಳನ್ನು ಹೊರಗಿನ ಬೇಟೆಗಾರರಿಗೆ ಬಿಟ್ಟುಕೊಟ್ಟು, ಬಂದ ಹಣದಿಂದ ತಮ್ಮವರನ್ನೇ ಕಾವಲಿಗೆ ನೇಮಿಸಿದರು. 2005ರ ವೇಳೆಗೆ ಅಲ್ಲಿಯ ಮಾರ್ಖೋರ್‌ಗಳ ಸಂಖ್ಯೆ ಎರಡು ಸಾವಿರವನ್ನು ದಾಟಿದ್ದಿತು. ಕೆಲವು ಸತ್ತವು, ಹಲವು ಉಳಿದವು. ಮೇಕೆಯಿಂದ ಊರಿಗೆ ಲಾಭವುಂಟೆಂದಾಗ ಊರೇ ಮೇಕೆಯನ್ನು ಕಾಯಿತು.

ಇದೊಂದೇ ದಾರಿಯಲ್ಲವೆಂಬುದಕ್ಕೆ ನಮ್ಮ ದೇಶವೇ ಸಾಕ್ಷಿ. ಕೆನ್ಯಾ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಭಾರತವು ಅದಕ್ಕೂ ಮೊದಲೇ, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ತಂದಿತು. ಆ ವರ್ಷದ ಎಣಿಕೆಯಲ್ಲಿ ಕಂಡ ಹುಲಿಗಳು 1,827. 2022ರ ಅಂದಾಜು 3,682. ಎಣಿಸುವ ವಿಧಾನ ಬೇರೆಯಾದರೂ ಹುಲಿ ಉಳಿದುಕೊಂಡಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದರ ಬೆಲೆಯನ್ನೂ ಯಾರೋ ತೆರುತ್ತಿದ್ದಾರೆ. ಬಂಡೀಪುರದ ಅಂಚಿನಲ್ಲಿ ದನವನ್ನು ಕಳೆದುಕೊಂಡ ರೈತನನ್ನು ಕೇಳಿದರೆ ಅದು ತಿಳಿದೀತು.

ಆದುದರಿಂದ ಎರಡು ಪ್ರಶ್ನೆಗಳನ್ನು ನಾವು ಬೆರೆಸಬಾರದು. ಬೇಟೆಯಿಂದ ಒಂದು ಜಾತಿ ಅಳಿಯುವುದೇ, ಉಳಿಯುವುದೇ? ಇದು ಮೊದಲನೆಯದು. ಇದಕ್ಕೆ ವಿಜ್ಞಾನ ಉತ್ತರ ಕೊಡಬಲ್ಲುದು, ಆ ಉತ್ತರ ಸ್ಥಳದಿಂದ ಸ್ಥಳಕ್ಕೆ ಬೇರೆಯಾಗಬಹುದು. ಅಲಂಕಾರಕ್ಕಾಗಿ ಒಂದು ಜೀವವನ್ನು ತೆಗೆಯುವುದು ಸರಿಯೇ? ಇದು ಎರಡನೆಯದು. ಇದನ್ನು ತಕ್ಕಡಿಯಿಂದಾಗಲಿ ಅಳತೆಪಟ್ಟಿಯಿಂದಾಗಲಿ ತೀರ್ಮಾನಿಸಲಾಗದು. ತೋರ್ಘರ್‌ನ ಮೇಕೆಗಳನ್ನು ಕಾಯ್ದುದು ಕಾವಲುಗಾರರ ಸಂಬಳವೇ ಹೊರತು ಬೇಟೆಗಾರನ ಸಂತೋಷವಲ್ಲ. ಆ ಸಂಬಳವನ್ನು ಕೊಡಲು ಬೇರೆ ದಾರಿಯೇ ಇಲ್ಲದಿದ್ದಲ್ಲಿ, ದೂರದಲ್ಲಿ ಕುಳಿತು ಬೇಟೆಯನ್ನು ಹಳಿಯುವುದು ಸುಲಭ. ಮೇಕೆಗೆ ಅದರಿಂದ ಪ್ರಯೋಜನವಿಲ್ಲ. ಬೇರೆ ದಾರಿಯಿದ್ದಲ್ಲಿ ಗುಂಡಿಗೆ ಸಮರ್ಥನೆಯಿಲ್ಲ. ಆ ದಾರಿಯನ್ನು ಹುಡುಕುವ ಕೆಲಸ ಇಂದು ಓದುತ್ತಿರುವ ನಿಮ್ಮ ಪೀಳಿಗೆಯದು. ಟಗರು ಕೊಂಬನ್ನು ಬೆಳೆಸಿದ್ದು ತನ್ನ ಬಾಳಿಗಾಗಿ, ನಮ್ಮ ಗೋಡೆಗಾಗಿ ಅಲ್ಲ.